ಮುನಿಯಣ್ಣನ ಲಿವರ್‌ಗೆ ಮೇಸ್ತ್ರಿ ಯಾರು?

ಇಟ್ಟಮಡುವಿನ ಗಾರೆ ಮೇಸ್ತ್ರಿ ಮುನಿಯಣ್ಣ ಎಂದೂ ಕುಡಿದವರಲ್ಲ. ಆದರೂ ಅವರ ಲಿವರ್‌ನಲ್ಲಿ ಗಾಯದ ಕಲೆ ಗಟ್ಟಿಯಾಗುತ್ತಿತ್ತು. ಲಿವರ್‌ನಲ್ಲಿ ಸೇರಿದ ಕೊಬ್ಬು ಗಾಯ ಮಾಡಿದೆ ಎಂದರು ಡಾಕ್ಟರ್. ಗಾಯ ಮುಚ್ಚಲು ಬರುವ ರೋಗನಿರೋಧಕ ಜೀವಕೋಶಗಳೇ ಕಲೆಯನ್ನು ಬೆಳೆಸುತ್ತವೆ, ಕೆಲವೊಮ್ಮೆ ಕರಗಿಸುತ್ತವೆ. ಆರ್‌ಎನ್‌ಎ ಎಂಬ ಪುಟ್ಟ ಅಣುಗಳು ಅವನ್ನು ಆ ಕಡೆಗೋ ಈ ಕಡೆಗೋ ತಿರುಗಿಸುತ್ತವಂತೆ.

"ಹಂಗಾದ್ರೆ ಅವು ಯಾರ ಕಡೆ ಮೇಡಂ?"

"ಎರಡೂ ಕಡೆ."

"ನನ್ನ ಭಾಮೈದನ ಥರ," ಎಂದರು ಮುನಿಯಣ್ಣ. ಅವರಿಗೇ ನಗು ಬರಲಿಲ್ಲ. "ವಾಸಿ ಆಗುತ್ತಾ?"

"ಸಕ್ಕರೆ ಬಿಡಿ, ತೂಕ ಇಳಿಸಿ. ಕಲೆ ಕರಗಬಹುದು. ಗ್ಯಾರಂಟಿ ಕೊಡಲ್ಲ."

ಗೋಡೆ ಸೋರುವುದು ನಿಂತರೆ, ಗಾರೆ ಸಾಕು ನಿಲ್ಲಿಸಿ ಎಂದು ಕೆಲಸದವರಿಗೆ ಹೇಳಲು ಮೇಸ್ತ್ರಿ ಇರುತ್ತಾನೆ. ಲಿವರ್ ಒಳಗಿನ ಈ ಕೆಲಸದವರಿಗೆ ಯಾರು ಹೇಳುತ್ತಾರೆ?

ಟೀ ಅಂಗಡಿಯಲ್ಲಿ ಮುನಿಯಣ್ಣ, "ಸಕ್ಕರೆ ಬೇಡ," ಎಂದರು. ಅಂಗಡಿಯವನಿಗೆ ಕೇಳಿಸಿತು. ಲಿವರ್ ಒಳಗಿನವರಿಗೆ ಕೇಳಿಸಿತೋ ಇಲ್ಲವೋ, ತಿಳಿಯಲಿಲ್ಲ.