ಫಾದರ್ ಹೇಳದ ಮಾತು

ದರ್ಜಿಯ ಸುಳ್ಳನ್ನು ಜನ ಸುಳ್ಳೆಂದು ಲೆಕ್ಕಕ್ಕೆ ಹಿಡಿಯುವುದಿಲ್ಲ. "ಹುಕ್ಸ್ ಹಾಕೋದೊಂದು ಬಾಕಿ, ನಾಳೆ ಬನ್ನಿ" ಎಂದು ನಾನು ಹೇಳಿದರೆ, ಬಟ್ಟೆಗೆ ಇನ್ನೂ ಕತ್ತರಿಯೇ ಬಿದ್ದಿಲ್ಲ ಎಂದು ಚಾಮರಾಜಪೇಟೆಯ ನನ್ನ ಗಿರಾಕಿಗಳಿಗೆಲ್ಲ ಗೊತ್ತು. ಬೈಯುತ್ತಾರೆ, ಹೋಗುತ್ತಾರೆ, ನಾಳೆಯೂ ಬರುತ್ತಾರೆ. ಇಂಥ ಸುಳ್ಳುಗಳನ್ನು ನಾನು ಚರ್ಚಿನ ಪಾಪನಿವೇದನೆಯಲ್ಲೂ ಹೇಳಿಕೊಂಡವನಲ್ಲ. ಎಲ್ಲವನ್ನೂ ಹೇಳುತ್ತಾ ಕೂತರೆ ನನ್ನ ಹಿಂದೆ ನಿಂತವರ ಸರದಿ ಬರುವುದು ಯಾವಾಗ? ಆದರೆ ಕಳೆದ ವರ್ಷ ನಾನು ಹೇಳಿದ ಸುಳ್ಳು ಬೇರೆ ತರದ್ದು. ಅದನ್ನು ನಮ್ಮ ಫಾದರ್ ಬಾಯಿಗೆ ತುರುಕಿ ಹೇಳಿದೆ. ನಂಬಿದವಳು ನನ್ನ ಒಡಹುಟ್ಟಿದ ತಂಗಿ.

ತಂಗಿ ಜಸಿಂತಾ ನನ್ನ ಅಂಗಡಿಯ ಹಿಂದಿನ ರಸ್ತೆಯಲ್ಲೇ ಒಂದು ಫ್ಲಾಟಿನಲ್ಲಿದ್ದಾಳೆ. ಅಕ್ಟೋಬರ್ ಮುಗಿಯುತ್ತಾ ಬಂದಾಗ ಒಂದು ಸಂಜೆ ಬಿಳಿ ಬಟ್ಟೆಯೊಂದನ್ನು ಕಂಕುಳಲ್ಲಿಟ್ಟುಕೊಂಡು ಬಂದಳು. ಜೊತೆಗೆ ಅವಳ ಮಗಳು ಶೈನಿ, ಮೂರನೇ ಕ್ಲಾಸಿನ ಹುಡುಗಿ.

"ಬಿಲ್ಡಿಂಗ್ ಮಕ್ಳೆಲ್ಲಾ ಹ್ಯಾಲೋವೀನ್ ಮಾಡ್ತಾವಂತೆ ಅಣ್ಣಾ. ದೆವ್ವದ ವೇಷ ಹಾಕ್ಕೊಂಡು ಮನೆಮನೆಗೂ ಹೋಗಿ ಚಾಕ್ಲೇಟ್ ಇಸ್ಕೊಳ್ಳೋದು. ಇವಳಿಗೊಂದು ದೆವ್ವ ಹೊಲಿದ್ಕೊಡು. ಆದ್ರೆ ನಮ್ಮೋರು ಅದನ್ನ ಮಾಡ್ಬೋದೋ ಇಲ್ವೋ, ಮೊದ್ಲು ಫಾದರ್‌ನ ಒಂದ್ಮಾತು ಕೇಳ್ಬಿಡು."

ಜಸಿಂತಾ ಪಿಯುಸಿ ಓದಿದವಳು. ನಾನು ಏಳನೆಯ ಕ್ಲಾಸಿಗೇ ಪುಸ್ತಕ ಮುಚ್ಚಿ ಮಿಷನ್ ತುಳಿಯಲು ಕೂತವನು. ಆದರೂ ಚರ್ಚಿನ ವಿಷಯ ಬಂದರೆ ಅವಳಿಗೆ ನನ್ನ ಮಾತೇ ವೇದವಾಕ್ಯ. ಕಾರಣ ಇಷ್ಟೆ: ಪೀಠದ ಬಟ್ಟೆಗೆ ಅಂಚು ಹಾಕುವುದು, ಫಾದರ್ ನಿಲುವಂಗಿ ಹರಿದರೆ ಹೊಲಿಯುವುದು ನಾನು. ದೇವರ ಮನೆಯ ದರ್ಜಿಗೆ ದೇವರ ಮನಸ್ಸೂ ಗೊತ್ತಿರುತ್ತದೆಂದು ಅವಳ ನಂಬಿಕೆ.

ಅವಳ ಪ್ರಶ್ನೆಯೇನೂ ದಡ್ಡ ಪ್ರಶ್ನೆಯಲ್ಲ. ಆಮೇಲೆ ಎಷ್ಟೋ ಸಲ ಅದನ್ನು ತಲೆಯೊಳಗೆ ಮಗುಚಿ ಹಾಕಿದ್ದೇನೆ. ದೆವ್ವಗಳ ಜೊತೆ ನಮ್ಮ ಬೆಂಗಳೂರಿನವರ ವ್ಯವಹಾರ ಇವತ್ತು ನಿನ್ನೆಯದಲ್ಲ. ನಾನು ಚಿಕ್ಕವನಿದ್ದಾಗ ಬೀದಿಯ ಮನೆಬಾಗಿಲುಗಳ ಮೇಲೆಲ್ಲ ಸೀಮೆಸುಣ್ಣದಲ್ಲಿ "ನಾಳೆ ಬಾ" ಎಂದು ಬರೆದಿದ್ದರು. ಕದ ತಟ್ಟುವ ದೆವ್ವ ಅದನ್ನು ಓದಿಕೊಂಡು ಹಿಂದಿರುಗುತ್ತದಂತೆ. ಅದೂ ನನ್ನ ಗಿರಾಕಿಗಳ ಹಾಗೆಯೇ ಪಾಪದ ದೆವ್ವ. ನಮ್ಮಮ್ಮ ದಿನವೂ ಜಪಸರ ಹಿಡಿಯುವ ಹೆಂಗಸು. ಆದರೂ ಯಾವುದಕ್ಕೂ ಇರಲಿ ಎಂದು ಬಾಗಿಲಿನ ಒಂದು ಪಕ್ಕ ಶಿಲುಬೆ, ಇನ್ನೊಂದು ಪಕ್ಕ "ನಾಳೆ ಬಾ" ಬರೆದಿದ್ದಳು. ಇನ್ನು ಕುಂಬಳಕಾಯಿಗೆ ಮುಖ ಬರೆಯುವ ವಿದ್ಯೆಯನ್ನು ಪರದೇಶದವರಿಂದ ಕಲಿಯಬೇಕೆ? ಕಲಾಸಿಪಾಳ್ಯದಿಂದ ಬೂದುಗುಂಬಳ ತಂದು, ಗಿರಿಜಾ ಮೀಸೆ, ಕೋರೆಹಲ್ಲು ಬರೆದು ಕಟ್ಟುತ್ತಿರುವ ಮನೆಗಳ ಮುಂದೆ ದೃಷ್ಟಿಗೆಂದು ನೇತುಹಾಕುವವರು ನಾವು. ಅಷ್ಟೇಕೆ, ಚರ್ಚಿನ ಕ್ರಿಸ್ಮಸ್ ನಾಟಕಕ್ಕೆ ಸೈತಾನನ ಬಾಲ ಹೊಲಿದುಕೊಟ್ಟವನು ನಾನೇ. ಒಳಗೆ ಹತ್ತಿ ತುಂಬಿ, ತುದಿಗೆ ಕೆಂಪು ಕುಚ್ಚು ಕಟ್ಟಿದ್ದೆ. ಬಾಲ ಚೆನ್ನಾಗಿದೆ ಎಂದು ಫಾದರ್ ಬೆನ್ನು ತಟ್ಟಿದ್ದರು.

ಇಷ್ಟೆಲ್ಲ ಗೊತ್ತಿದ್ದೂ ನಾನು ಫಾದರ್ ಹತ್ತಿರ ಕೇಳಲೇ ಇಲ್ಲ. ದೀಪಾವಳಿ ಹತ್ತಿರ ಬಂದಿತ್ತು. ಮಿಷನ್ ಪಕ್ಕದಲ್ಲಿ ಅಕ್ಕಪಕ್ಕದ ಬೀದಿಗಳ ಹೆಂಗಸರ ರವಿಕೆ ಬಟ್ಟೆ ನನ್ನ ಭುಜದೆತ್ತರಕ್ಕೆ ಬೆಳೆದು ನಿಂತಿತ್ತು. ಅಕಸ್ಮಾತ್ ಫಾದರ್ ಮಾಡಬಹುದು ಎಂದುಬಿಟ್ಟರೆ ಅದರ ಮೇಲೆ ಒಂದು ದೆವ್ವವನ್ನೂ ಹೊಲಿಯಬೇಕು. ಹೊರಗಿನ ಗಿರಾಕಿಗೆ ನಾಳೆ ಎನ್ನಬಹುದು, ಸೋದರ ಸೊಸೆಗೆ ಎನ್ನಲಾಗದು. ಜಸಿಂತಾ ಫೋನ್ ಮಾಡಿದಾಗ ಪೆಡಲ್ ತುಳಿಯುತ್ತಲೇ ಹೇಳಿದೆ: "ಫಾದರ್ ಬೇಡ ಅಂದ್ರಮ್ಮ."

"ಹೌದಾ? ಸರಿ ಬಿಡು ಹಂಗಾದ್ರೆ," ಎಂದಳು. ಅವಳು ಒಂದೆರಡು ಮಾತು ಜಗಳವಾಡಿದ್ದರೆ ನನಗೆ ಇಷ್ಟು ಚುಚ್ಚುತ್ತಿರಲಿಲ್ಲ.

ಹ್ಯಾಲೋವೀನಿನ ಸಂಜೆ ಬಂತು. ಜಸಿಂತಾ ಇರುವ ಕಟ್ಟಡದ್ದೇ ಮೂರನೆಯ ಮಹಡಿಗೆ ರವಿಕೆ ಕೊಡಲು ಹೋದೆ. ಮೆಟ್ಟಿಲ ತುಂಬ ದೆವ್ವಗಳು. ಅಮ್ಮನ ಕರಿ ಲಂಗವನ್ನು ಕತ್ತಿಗೆ ಕಟ್ಟಿಕೊಂಡ ಮಾಟಗಾತಿ, ಮೈಗೆಲ್ಲ ಬ್ಯಾಂಡೇಜ್ ಸುತ್ತಿಕೊಂಡು ಅದನ್ನೇ ತುಳಿದು ಬೀಳುತ್ತಿದ್ದ ಒಂದು ಹೆಣ. ಜಸಿಂತಾಳ ಬಾಗಿಲಲ್ಲಿ ಶೈನಿ ದಿನದ ಫ್ರಾಕಿನಲ್ಲೇ ನಿಂತು, ಸ್ಟೀಲಿನ ಬಟ್ಟಲಿನಿಂದ ಒಂದೊಂದು ದೆವ್ವಕ್ಕೂ ಚಾಕ್ಲೇಟ್ ಕೊಡುತ್ತಿದ್ದಳು.

"ನೀನ್ಯಾಕೇ ಬರಲ್ಲ?" ಎಂದಿತು ಮಾಟಗಾತಿ.

"ನಮ್ ಫಾದರ್ ಬೇಡ ಅಂದಿದಾರೆ."

ಅಳುತ್ತಾ ಹೇಳಿದ್ದರೆ ಸಮಾಧಾನ ಮಾಡಬಹುದಿತ್ತು. ಗೇಟಿನ ವಾಚ್‌ಮನ್ನಿನ ಹಾಗೆ ನೆಟ್ಟಗೆ ನಿಂತು ಹೇಳಿದಳು. ಆಮೇಲೆ ನನ್ನನ್ನು ಕಂಡು, ನನ್ನ ಕೈಗೂ ಒಂದು ಚಾಕ್ಲೇಟ್ ಇಟ್ಟು, ಮೆಲ್ಲಗೆ ಕೇಳಿದಳು: "ಮಾವ, ಫಾದರ್‌ಗೆ ದೆವ್ವ ಅಂದ್ರೆ ಭಯಾನಾ?"

"ಇರ್ಬೋದು ಪುಟ್ಟಾ," ಎಂದೆ. ಮೊದಲ ಸುಳ್ಳಿಗೆ ಒಂಟಿತನ ಕಾಡಬಾರದಲ್ಲ, ಅದಕ್ಕೊಂದು ಜೊತೆ ಮಾಡಿಕೊಟ್ಟೆ.

ಮಾರನೆಯ ದಿನ ಸಕಲ ಸಂತರ ಹಬ್ಬ. ನಮ್ಮಲ್ಲಿ ಅದೇ ದಿನ ರಾಜ್ಯೋತ್ಸವ ಬೇರೆ. ಪೂಜೆಗೆ ಮುಂಚೆ ಪಾಪನಿವೇದನೆಯ ಗೂಡಿನಲ್ಲಿ ಮಂಡಿಯೂರಿದೆ. ರಸ್ತೆಯ ಮೈಕಿನಲ್ಲಿ ಕನ್ನಡದ ಹಾಡು ಎಷ್ಟು ಜೋರಾಗಿತ್ತೆಂದರೆ ನನ್ನ ಪಾಪವನ್ನು ಎರಡೆರಡು ಸಲ ಕೂಗಿ ಹೇಳಬೇಕಾಯಿತು. ಜಾಲರಿಯ ಆಚೆ ಫಾದರ್ ಕೆಮ್ಮಿದರು. ಅದು ನಗುವನ್ನು ಮುಚ್ಚಿಕೊಳ್ಳುವ ಕೆಮ್ಮೆಂದು ನನಗೆ ಈಗಲೂ ಅನುಮಾನ.

"ಕೇಳಿದ್ರೆ ಅವತ್ತೇ ಹೇಳ್ತಿದ್ನಲ್ಲಪ್ಪಾ. ಹ್ಯಾಲೋವೀನ್ ಅಂದ್ರೆ ಸಂತರ ಹಬ್ಬದ ಹಿಂದಿನ ಸಂಜೆ ಅಂತಾನೇ ಅರ್ಥ. ಕೆಲವು ಗುರುಗಳು ಬೇಡವೇ ಬೇಡ ಅಂತಾರೆ, ಅವರ ಭಯಾನೂ ಸುಳ್ಳಲ್ಲ. ಸತ್ತವರನ್ನ ಕರೆಯೋದು, ಮಾಟ ಮಂತ್ರ, ಅದನ್ನ ಆಟಕ್ಕೂ ಮಾಡಬಾರದು. ಆದ್ರೆ ಮಕ್ಕಳು ವೇಷ ಹಾಕ್ಕೊಂಡು ನಕ್ರೆ ದೇವರಿಗೇನು ಕಷ್ಟ? ಬೆಳಿಗ್ಗೆ ಎದ್ದು ಪೂಜೆಗೆ ಬಂದ್ರಾಯ್ತು."

"ಪ್ರಾಯಶ್ಚಿತ್ತಕ್ಕೆ ಎಷ್ಟು ಪರಲೋಕ ಮಂತ್ರ ಹೇಳ್ಲಿ ಫಾದರ್?"

"ಮಂತ್ರ ಆಮೇಲೆ. ಮೊದಲು ತಂಗಿಗೆ ಹೇಳು."

ಇಡೀ ಜಪಸರವನ್ನು ಮೂರು ಸುತ್ತು ಹೇಳೆಂದಿದ್ದರೆ ಕುಣಿಯುತ್ತಾ ಹೇಳುತ್ತಿದ್ದೆ. ದೇವರ ಮುಂದೆ ಮಂಡಿಯೂರುವುದು ಸುಲಭ. ಆತ "ಅಣ್ಣಾ" ಎಂದು ಕರೆಯುವುದಿಲ್ಲ. ಆ ದಿನವೂ ತಂಗಿಗೆ ಹೇಳಲು ನನ್ನಿಂದ ಆಗಲಿಲ್ಲ.

ಅದರ ಮಾರನೆಯ ದಿನ ನಮ್ಮಲ್ಲಿ ಸತ್ತವರ ಹಬ್ಬ. ಎಲ್ಲರೂ ಸ್ಮಶಾನಕ್ಕೆ ಹೋಗಿ ತಮ್ಮವರ ಸಮಾಧಿ ತೊಳೆದು, ಸುಣ್ಣ ಬಳಿದು, ಹೂವಿಟ್ಟು, ಮೇಣದಬತ್ತಿ ಹಚ್ಚುತ್ತೇವೆ. ಫಾದರ್ ಸಾಲುಸಾಲಾಗಿ ಬಂದು ತೀರ್ಥ ಚಿಮುಕಿಸುತ್ತಾರೆ. ಅಮ್ಮನ ಸಮಾಧಿಗೆ ಜಸಿಂತಾ ಸುಣ್ಣ ಬಳಿಯುತ್ತಿದ್ದಳು, ಶೈನಿ ಸೇವಂತಿಗೆ ಜೋಡಿಸುತ್ತಿದ್ದಳು. ತೀರ್ಥದ ಬಿಂದಿಗೆ ಹತ್ತಿರ ಹತ್ತಿರ ಬರುತ್ತಿತ್ತು. ಫಾದರ್ ಬಂದು ನಿಂತರೆ ಈ ಹುಡುಗಿ ನೇರವಾಗಿ ಅವರನ್ನೇ ಕೇಳಿಬಿಡುತ್ತಾಳೆ. ಧೈರ್ಯದಿಂದ ಹೇಳಿದೆ ಎಂದು ಜಂಬ ಕೊಚ್ಚಲಾರೆ, ಗಾಬರಿಯಿಂದ ಎಲ್ಲವನ್ನೂ, ಪಾಪನಿವೇದನೆಯನ್ನೂ ಸೇರಿಸಿ, ಹೇಳಿದೆ.

ಜಸಿಂತಾಳ ಬ್ರಷ್ ನಿಲ್ಲಲಿಲ್ಲ. ಶಿಲುಬೆಯ ಎರಡೂ ತೋಳು ಬಳಿದು ಮುಗಿಸಿ ಹೇಳಿದಳು: "ದೇವ್ರ ಹತ್ರ ಹೇಳ್ಕೊಂಡ್ಯಲ್ಲ, ಅವ್ನು ಕ್ಷಮಿಸ್ತಾನೆ ಬಿಡು. ಅವ್ನಿಗೇನು, ಅವತ್ತು ಬಾಗಿಲಲ್ಲಿ ಬಟ್ಲು ಹಿಡ್ಕೊಂಡು ನಿಂತಿದ್ದು ಅವ್ನ ಮಗಳಲ್ವಲ್ಲ."

ಅಷ್ಟೇ. ಆಮೇಲೆ ನನ್ನ ಕಡೆ ತಿರುಗಲಿಲ್ಲ. ಮಾತಾಡಿದವಳು ಶೈನಿ.

"ಹಂಗಾದ್ರೆ ಫಾದರ್‌ಗೆ ಭಯ ಇಲ್ಲ!" ಎಂದು ಅದಕ್ಕೇ ಮೊದಲು ಖುಷಿಪಟ್ಟಳು. ಆಮೇಲೆ ಸೊಂಟದ ಮೇಲೆ ಕೈಯಿಟ್ಟು ತೀರ್ಪು ಕೊಟ್ಟಳು. "ಮಾವ, ಇವತ್ತೇ ಹೊಲೀಬೇಕು. ನಾಳೆ ಗೀಳೆ ಇಲ್ಲ. ನೀನೂ ದೆವ್ವ ಆಗ್ಬೇಕು. ದೆವ್ವ ಮಾತಾಡ್ಬಾರ್ದು."

ರವಿಕೆಗಳನ್ನು ಬದಿಗೆ ತಳ್ಳಿ ಮಧ್ಯಾಹ್ನವೆಲ್ಲ ಹೊಲಿದೆ. ಅವಳಿಗೆ ಅಳತೆ ತೆಗೆದು ಕತ್ತಿನ ಪಟ್ಟಿ, ತೋಳಿಗೆ ನೆರಿಗೆ. ನನಗೆ ಉಳಿದ ಲೈನಿಂಗ್ ಬಟ್ಟೆಯಲ್ಲೊಂದು ಗವಸು. ದೀಪ ಹಚ್ಚುವ ಹೊತ್ತಿಗೆ ಒಂದು ಗಿಡ್ಡ ದೆವ್ವ, ಒಂದು ಹೊಟ್ಟೆಯ ದೆವ್ವ, ಹಿಂದೆ ಜಸಿಂತಾ, ಮೂವರೂ ಹೊರಟೆವು. ಕೆಳಮನೆಯ ಅಜ್ಜಿ ಬಾಗಿಲು ತೆರೆದು ಗಲ್ಲಕ್ಕೆ ಕೈಯಿಟ್ಟುಕೊಂಡರು. "ಅಯ್ಯೋ, ಅದು ಮೊನ್ನೇನೇ ಮುಗೀತಲ್ಲೇ ಮಗಾ!"

"ಅದು ಅವರ್ದು ಅಜ್ಜಿ. ನಮ್ದು ಇವತ್ತು," ಎಂದಳು ಶೈನಿ.

ಅಜ್ಜಿ ಒಳಗೆ ಹೋಗಿ ಎರಡು ಕೊಬ್ಬರಿ ಮಿಠಾಯಿ ತಂದುಕೊಟ್ಟರು. ಸತ್ತವರನ್ನು ನೆನೆಯುವ ದಿನ ಹುಡುಗಿ ಹೇಳಿದ್ದರಲ್ಲಿ ತಪ್ಪೇನಿದೆ ಎಂದು ನಾನು ಗವಸಿನೊಳಗೆ ಯೋಚಿಸುತ್ತಾ ಮೆಟ್ಟಿಲಿಗೆ ಕಾಲಿಟ್ಟೆ. ಅವಸರದಲ್ಲಿ ಕಣ್ಣಿನ ತೂತುಗಳನ್ನು ಹಣೆಯ ನೇರಕ್ಕೆ ಕತ್ತರಿಸಿಕೊಂಡಿದ್ದೆ. ಏನೂ ಕಾಣದೆ ಮುಗ್ಗರಿಸಿದೆ. ಹಿಂದಿನಿಂದ ಒಂದು ಕೈ ಬಂದು ನನ್ನ ಮೊಣಕೈ ಹಿಡಿಯಿತು. ಬೆರಳಲ್ಲಿ ಇನ್ನೂ ಸುಣ್ಣದ ವಾಸನೆ.

"ನೋಡ್ಕೊಂಡ್ ಹತ್ತಣ್ಣಾ. ಬಿದ್ರೆ ನಿಜವಾಗ್ಲೂ ದೆವ್ವ ಆಗ್ತೀಯ."

ಮಾತಾಡಬಾರದೆಂದು ಅಪ್ಪಣೆಯಾಗಿತ್ತು. ಸುಮ್ಮನೆ ತಲೆಯಾಡಿಸಿದೆ. ಕ್ಷಮಿಸಿದ್ದೇನೆ ಎಂದು ಜಸಿಂತಾ ಆಗಲೂ ಹೇಳಲಿಲ್ಲ, ಈವರೆಗೂ ಹೇಳಿಲ್ಲ. ಆ ಮಾತನ್ನು ಬಾಯಿಬಿಟ್ಟು ಹೇಳುವುದು ಫಾದರ್ ಕೆಲಸ. ಮನೆಯವರು ಮೊಣಕೈ ಹಿಡಿಯುತ್ತಾರೆ.