ಕೆಂಪಾಜಮ್ಮ ಸಾರಿಸಿದ ಹಾಕಿ ಕಣ

ಕಂಪಲಾಪುರದ ಹಾಕಿ ಮೈದಾನದಲ್ಲಿ ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಗೋಲಿನ ಮುಂದೆ, ಸೀರೆ ಎತ್ತಿ ಸಿಕ್ಕಿಸಿಕೊಂಡ ಅರವತ್ತೆರಡರ ಕೆಂಪಾಜಮ್ಮ ಬಕೆಟ್ಟಿನಿಂದ ಸಗಣಿ ಬಗ್ಗಡ ಸುರಿಯುತ್ತಾರೆ, ಹಿಂದಹಿಂದಕ್ಕೆ ಸರಿಯುತ್ತ ಪೊರಕೆಯಲ್ಲಿ ಎಳೆಯುತ್ತಾರೆ. ಅಭ್ಯಾಸಕ್ಕೆ ಬಂದ ಆಟಗಾರರು ಗೆರೆಯಾಚೆ ಸಾಲಾಗಿ ನಿಂತಿದ್ದಾರೆ. ಒಬ್ಬನ ಬೂಟಿನ ತುದಿ ಒಳಗೆ ಬಂದದ್ದೇ ತಡ, ಬಗ್ಗಿದ ತಲೆ ಎತ್ತದೆಯೇ ಗದರುತ್ತಾರೆ: "ಯಾವನ್ಲಾ ಅವ್ನು, ಕಣಕ್ಕೆ ಎಕ್ಕಡ ಮೆಟ್ಕೊಂಡು ಬತ್ತಿರೋನು?" ತಂಡದ ನಾಯಕ ಶರತ್ ಬೂಟು ಕಳಚಿ ಕೈಯಲ್ಲಿ ಹಿಡಿಯುತ್ತಾನೆ. ಇಡೀ ಲೀಗಿನಲ್ಲಿ ಅವನಷ್ಟು ಗೋಲು ಹೊಡೆದವರಿಲ್ಲ. ಈ ಅಜ್ಜಿಯ ಮುಂದೆ ಮಾತ್ರ ಅವನೂ ಬರಿಗಾಲು.

ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ ಸೀಮೆಯ ಎಂಟು ತಂಡಗಳು ಆಡುವ ಲೀಗು ಇದು. ಆಟಗಾರರಿಗೆ ಸಂಬಳವಿದೆ, ಅಂಗಿಯ ಬೆನ್ನ ಮೇಲೆ ಬೀಜ-ಗೊಬ್ಬರದ ಅಂಗಡಿಯ ಹೆಸರಿದೆ. ಕಳೆದ ವರ್ಷದ ಕಪ್ ಕಂಪಲಾಪುರದ್ದು. ಅದರ ಹಿಂದಿನ ವರ್ಷ ಇದೇ ತಂಡ ಎಂಟರಲ್ಲಿ ಎಂಟನೆಯದಾಗಿತ್ತು. ಆಗ ಮೈದಾನದ ತುಂಬ ನೊರಜುಗಲ್ಲು. ಚೆಂಡು ಎತ್ತ ನೆಗೆಯುತ್ತದೆಂದು ಹೊಡೆದವನಿಗೇ ಗೊತ್ತಾಗುತ್ತಿರಲಿಲ್ಲ. ಗೋಲ್‌ಕೀಪರ್ ಚೇತನ್‌ಕುಮಾರನ ಮುಂದಿನ ಹಲ್ಲು ಹೋದದ್ದು ಹೀಗೆಯೇ, ಅದೂ ಸ್ವಂತ ತಂಡದವನ ಹೊಡೆತಕ್ಕೆ. ತಪ್ಪಿಸಿಕೊಂಡ ಮೇಕೆಯನ್ನು ಹುಡುಕುತ್ತ ಅಲ್ಲಿಗೆ ಬಂದಿದ್ದ ಕೆಂಪಾಜಮ್ಮ ನೆಲವನ್ನು ಕಾಲಿನಿಂದ ಕೆರೆದು ನೋಡಿ, "ಇಂತಾ ನೆಲದ ಮ್ಯಾಲೆ ಕೋಳಿನೂ ಕಾಳು ಕುಕ್ಕಾಕಿಲ್ಲ, ನೀವೇನ್ರಪ್ಪ ಆಡೋದು!" ಎಂದರಂತೆ. ಮಾರನೆಯ ದಿನ ಪೊರಕೆ ಹಿಡಿದುಕೊಂಡೇ ಬಂದರು.

ಹದಿನಾಲ್ಕನೇ ವಯಸ್ಸಿನಿಂದ ರಾವಂದೂರಿನ ಸುತ್ತಮುತ್ತ ರಾಗಿ ಕಣ ಸಾರಿಸಿದ ಕೈ ಅದು. ಆಮೇಲೆ ಒಕ್ಕಣೆ ಯಂತ್ರ ಬಂತು. ಯಂತ್ರ ಸಿಗದವರು ತೆನೆಯನ್ನು ಟಾರು ರಸ್ತೆಗೆ ಹಾಸಿ ಬಸ್ಸು ಲಾರಿಗಳಿಂದ ತುಳಿಸಿಕೊಂಡರು. "ಕೆಲ್ಸ ಗೊತ್ತಿದ್ದೂ ಕೈ ಕಟ್ಕೊಂಡು ಕೂರೋದು ಅದ್ಯಲ್ಲ, ಅದು ಕಾಯಿಲೆಗಿಂತ ಕಷ್ಟ ಕಣಪ್ಪ" ಎನ್ನುತ್ತಾರೆ.

ಈಗ ಕೂರಲು ಪುರಸೊತ್ತಿಲ್ಲ. ಪಂದ್ಯದ ದಿನ ಎರಡೂ ಗೋಲಿನ ಮುಂದಕ್ಕೆ ಆರು ಮಂಕರಿ ಸಗಣಿ, ನಲವತ್ತು ಕೊಡ ನೀರು, ಎರಡು ಸಲ ಸಾರಣೆ. ಸಗಣಿ ಹೊರುವುದು ಗಂಡ ಅಂಕಯ್ಯನ ಪಾಲು. "ನಾಟಿ ಹಸುವಿಂದೇ ಆಗ್ಬೇಕು ಅಂತಾಳೆ. ಮೂಸಿ ನೋಡ್ಬುಟ್ಟು ವಾಪಸ್ ಕಳಿಸ್ತಾಳೆ ಕಣ್ರೀ, ನಾನು ತಂದ ಸೀರೆನೂ ಇಷ್ಟು ನೋಡಿಲ್ಲ" ಎಂದು ಅವರು ಸೈಕಲ್ಲಿಗೆ ಒರಗಿ ದೂರುತ್ತಾರೆ. ಒಣಗಿದ ನೆಲದ ಮೇಲೆ ಚೆಂಡು ಸರ್ರನೆ ಜಾರುವುದನ್ನು ಕಂಡ ಮೈಕಿನವನೊಬ್ಬ, ನಮ್ಮವರು ಐಸ್ ಹಾಕಿ ಆಡುತ್ತಿದ್ದಾರೆ ಎಂದು ಕೂಗಿದ್ದನಂತೆ. ಹಾಗೆ ನಿಜಕ್ಕೂ ಒಂದು ಆಟವಿದೆ ಎಂದರೆ ಕೆಂಪಾಜಮ್ಮ ನಂಬುವುದಿಲ್ಲ. "ಐಸ್ ಮ್ಯಾಲೆ ಆಡಾರಾ? ಬಿಸ್ಲು ಬಂದ್ರೆ ಈಜಾಡ್ತಾರಾ?"

ಕಣ ಸಾರಿಸಿದ ಮೇಲೆ ಬೆನಕ ಇಡದಿದ್ದರೆ ಕೆಲಸ ಮುಗಿದ ಹಾಗಲ್ಲ. ಸಗಣಿ ಉಂಡೆಗೆ ಗರಿಕೆ ಸಿಕ್ಕಿಸಿ, ಕಣದ ನಡುವಿನ ಮೇಟಿ ಕಂಬದ ಬುಡದಲ್ಲಿ ಕೂರಿಸುವುದು ಪದ್ಧತಿ. ಇಲ್ಲಿ ಮೇಟಿಯಿಲ್ಲ, ಗೋಲಿನ ಕಂಬವಿದೆ. ಕೆಂಪಾಜಮ್ಮ ಎರಡೂ ಗೋಲಿನಲ್ಲಿ ಕಂಬದ ಬುಡಕ್ಕೆ ನಿಂಬೆಹಣ್ಣಿನ ಗಾತ್ರದ ಬೆನಕನನ್ನು ಇಡುತ್ತಿದ್ದರು. ಅದು ಯಾರ ಕಣ್ಣಿಗೂ ಬಿದ್ದಿರಲಿಲ್ಲ. ಹುಣಸೂರಿನವರ ಮೇಲಿನ ಫೈನಲ್ ದಿನ ಮಾತ್ರ ಭಕ್ತಿ ಉಕ್ಕಿತು. "ಫೈನಲ್ ಅಲ್ವಾ, ವಸಿ ದಪ್ಪಗೇ ಮಾಡಿದ್ದೆ." ತೆಂಗಿನಕಾಯಿಯಷ್ಟು ದಪ್ಪ. ಅದು ಬಿಸಿಲಿಗೆ ಕಲ್ಲಾಯಿತು.

ಕಂಪಲಾಪುರ ಒಂದು ಗೋಲಿನಿಂದ ಮುಂದಿತ್ತು, ಎರಡು ನಿಮಿಷ ಬಾಕಿ. ಹುಣಸೂರಿನ ಹುಡುಗ ತಳ್ಳಿದ ಚೆಂಡು ಚೇತನ್‌ಕುಮಾರನನ್ನು ದಾಟಿ, ಕಂಬದ ಪಕ್ಕದಲ್ಲೇ ನಿಧಾನಕ್ಕೆ ಉರುಳಿ, ಬೆನಕನಿಗೆ ಬಡಿದು ಹೊರಗೆ ಹೋಯಿತು. ಹುಣಸೂರಿನವರು ಬೊಬ್ಬೆ ಹಾಕಿದರು. ಅಂಪೈರ್ ಸಂಘಮಿತ್ರ ಆಟ ನಿಲ್ಲಿಸಿ ಬಂದು ಬಗ್ಗಿ ನೋಡಿದರು. ತಂಡದ ಮಾಲೀಕ ರುದ್ರಸ್ವಾಮಿ ಓಡಿಬಂದು, "ಅಯ್ಯೋ ಮೇಡಂ, ಯಾವ್ದೋ ದನ ಸಗಣಿ ಹಾಕೋಗದೆ, ಅದಕ್ಯಾಕೆ ತಲೆ ಕೆಡಿಸ್ಕೋತೀರಿ" ಎಂದರು. ಗೆರೆಯ ಬಳಿ ನಿಂತಿದ್ದ ಕೆಂಪಾಜಮ್ಮನಿಗೆ ರುದ್ರಸ್ವಾಮಿ ಕಣ್ಣು ಹೊಡೆದರು. ಬಾಯಿ ಮುಚ್ಚಿಕೊಂಡಿದ್ದರೆ ಕಪ್ ಊರಿಗೆ.

ಕೆಂಪಾಜಮ್ಮ ಮುಚ್ಚಿಕೊಳ್ಳಲಿಲ್ಲ. "ದನ ಹಾಕಿದ್ದಲ್ಲ ಕಣವ್ವ, ಅದು ಬೆನಕ. ನಾನೇ ಮಡಗಿದ್ದು. ಅವ್ರ ಚೆಂಡು ಒಳಕ್ಕೇ ಹೋಯ್ತಿತ್ತು."

ಅಂಪೈರ್ ಗೋಲು ಕೊಟ್ಟರು. ಒಂದಕ್ಕೊಂದು ಸಮ. ಊರಿಗೆ ಊರೇ ಆಕೆಯತ್ತ ತಿರುಗಿ ನೋಡಿತು. ಅಂಕಯ್ಯ ಕೂಡ ಸೈಕಲ್ ಹಿಡಿದು ನಾಲ್ಕು ಹೆಜ್ಜೆ ದೂರ ಸರಿದರು. "ಗೆದ್ರೆ ಸರಿ, ಸೋತ್ರೆ ಊರಲ್ಲಿ ನಂಗೆ ಒಂದು ತಂಬ್ಗೆ ನೀರು ಕೊಡೋರಿರಾಕಿಲ್ಲ ಅನ್ಕೊಂಡೆ" ಎಂದು ಕೆಂಪಾಜಮ್ಮ ಈಗ ನಗುತ್ತಾರೆ. ಶೂಟೌಟಿನಲ್ಲಿ ಚೇತನ್‌ಕುಮಾರ್ ಮೂರು ಚೆಂಡು ತಡೆದ. ಶರತ್ ಕೊನೆಯದನ್ನು ಹೊಡೆದ. ಕಪ್ ಕಂಪಲಾಪುರಕ್ಕೇ ಬಂತು, ರುದ್ರಸ್ವಾಮಿ ಎಲ್ಲರಿಗಿಂತ ಜೋರಾಗಿ ಅತ್ತರು.

ಈಗ ಹೊಸ ತಕರಾರು. ಹುಣಸೂರಿನವರು ತಮ್ಮ ಮೈದಾನ ಸಾರಿಸಿಕೊಡಲು ಕರೆದಿದ್ದಾರೆ, ಕೆಂಪಾಜಮ್ಮ ಒಪ್ಪಿಕೊಂಡಿದ್ದಾರೆ. "ನನ್ನಿಂದ ಅವ್ರಿಗೆ ಒಂದು ಗಳಿಗೆ ಮೋಸ ಆಗಿತ್ತಲ್ಲ. ಒಂದ್ಸಲ ಅಚ್ಚುಕಟ್ಟಾಗಿ ಸಾರ್ಸಿಕೊಟ್ಟು ಬಂದ್ರೆ ಮನ್ಸು ಅಗುರಾಯ್ತದೆ" ಎಂಬುದಷ್ಟೇ ಅವರ ಆಸೆ.

ಬರಿಗಾಲಲ್ಲಿ ನಿಂತ ಶರತ್‌ನ ಮುಖ ಸೊಟ್ಟಗಾಗುತ್ತದೆ. "ಅಜ್ಜಿ, ಅವ್ರಿಗೂ ಇಂತಾ ನೆಲ ಮಾಡ್ಕೊಟ್ರೆ ನಾವು ಗೆಲ್ಲೋದೆಂಗೆ?"

ಕೆಂಪಾಜಮ್ಮ ಪೊರಕೆ ಕೊಡವುತ್ತಾರೆ.

"ಆಡಿ ಗೆಲ್ಲು ಕಣ್ಲಾ."