ನೀಲವ್ವ ಆಯಿ ಕೈ ಬೀಸಿದ ಹುಣ್ಣಿಮೆ

ನೀಲವ್ವ ಆಯಿಯ ನಿಚ್ಚಣಿಕೆ ಕದ್ದವನು ನಾನು, ಹನುಮ್ಯಾ ಅಲ್ಲ. ಕದಿಯುವಾಗ ಆಯಿ ಮಾಳಿಗೆಯ ಮೇಲಿದ್ದಳು — ಅದೂ ನನಗೆ ಗೊತ್ತಿತ್ತು.

ಇಷ್ಟು ಹೇಳಿ ಬಾಯಿ ಮುಚ್ಚಿಕೊಂಡರೆ ಸಾಕಿತ್ತು. ಆದರೆ ನಾನು ಯಾವ ಮಾತನ್ನೂ ಇದ್ದಷ್ಟೇ ಹೇಳಿದವನಲ್ಲ. ನಮ್ಮ ಓಣಿಯಲ್ಲಿ ಒಂದು ಇಲಿ ಓಡಿದರೆ, ನಾನು ಮಸ್ಕಿ ಮುಟ್ಟುವಷ್ಟರಲ್ಲಿ ಅದು ಹೆಗ್ಗಣ, ಸಿಂಧನೂರಿನ ಕಾಲೇಜು ಮುಟ್ಟುವಷ್ಟರಲ್ಲಿ ಚಿರತೆ. ಬಸ್ಸಿನಲ್ಲಿ ಸೀಟು ಬಿಟ್ಟುಕೊಟ್ಟು ನನ್ನ ಕಥೆ ಕೇಳುವವರಿದ್ದಾರೆ. (ಸೀಟು ಯಾರೂ ಬಿಟ್ಟಿಲ್ಲ. ನೋಡಿ, ಶುರುವಾಯಿತು.) ಈ ಒಂದು ಸಲ, ಎಲ್ಲಿ ಉಬ್ಬಿಸುತ್ತೇನೋ ಅಲ್ಲಿ ನನ್ನ ಕಿವಿಯನ್ನು ನಾನೇ ಹಿಂಡಿಕೊಳ್ಳುತ್ತೇನೆ.

ನಮ್ಮೂರು ಮಸ್ಕಿಯಿಂದ ಪಾಮನಕಲ್ಲೂರಿನ ಕಡೆ ಹೋಗುವ ದಾರಿಯಲ್ಲಿ ಸಿಗುತ್ತದೆ. ಹೋಳಿ ಹುಣ್ಣಿಮೆ ಹತ್ತಿರ ಬಂದರೆ ಆಗೆಲ್ಲ ಇಲ್ಲಿ ಹುಡುಗರು ಕಾಮಣ್ಣನ ಹೆಸರಲ್ಲಿ ಕಟ್ಟಿಗೆ, ಸಗಣಿಯ ಕುಳ್ಳು ಕದಿಯುತ್ತಿದ್ದರು. ಕಳ್ಳತನವೇ ಆದರೂ ಅದಕ್ಕೊಂದು ಕಾಯ್ದೆ ಇತ್ತು. ಸಾಮಾನು ದಾರಿಯಲ್ಲಿರುವಾಗ ಒಡೆಯ ಹಿಡಿದರೆ ತಿರುಗಿ ಕೊಡಬೇಕಿತ್ತು. ಸುಡಲು ಒಟ್ಟಿದ ಕಾಮನ ಗುಡ್ಡೆಯ ಮೇಲೆ ಬಿತ್ತೋ, ಅದು ಕಾಮಣ್ಣನದು. ಒಡೆಯ ಬೈಯಬಹುದಿತ್ತು, ಕೇಳುವ ಹಾಗಿರಲಿಲ್ಲ. ಇನ್ನೊಂದು ರೂಢಿಯೂ ಇದೆ. ಅವತ್ತು ಎಲ್ಲರೂ ಬಾಯಿಗೆ ಕೈ ಬಡಿದುಕೊಂಡು, ಕಾಮ ಸತ್ತನೆಂದು ಲಬೋ ಲಬೋ ಎಂದು ಹೊಯ್ಕೊಳ್ಳುತ್ತಾರೆ. ನನ್ನ ತಪ್ಪು ಈ ಎರಡು ರೂಢಿಗಳ ಮರೆಯಲ್ಲಿ ಆರಾಮಾಗಿ ಅಡಗಿ ಕೂತಿತು.

ನೀಲವ್ವ ಆಯಿ ನಮ್ಮ ಓಣಿಯ ಕೊನೆಯ ಮನೆಯಲ್ಲಿ ಒಬ್ಬಳೇ ಇರುತ್ತಾಳೆ. ಬೇಸಿಗೆ ಬಂತೆಂದರೆ ಅವಳ ಹಾಸಿಗೆ ಮಾಳಿಗೆ ಏರುತ್ತಿತ್ತು. ನಾನೂ ನನ್ನ ಗೆಳೆಯ ಹನುಮ್ಯಾನೂ ಎಷ್ಟೋ ಸಂಜೆ ಅವಳ ಆಚೀಚೆ ಮಲಗಿ ಚುಕ್ಕಿ ನೋಡಿದ್ದೇವೆ. "ಅಕಾ ನೋಡ್ರಲೇ, ಆ ನಾಕು ಚುಕ್ಕಿ ಮುದುಕಿ ಮಂಚ. ಅದರ ಹಿಂದ ಸಾಲಾಗಿ ಹೊಂಟಾವಲ್ಲ ಮೂರು, ಅವು ಕಳ್ಳರು. ಮಂಚ ಒಯ್ಯಾಕ ಬಂದಾರ," ಎನ್ನುತ್ತಿದ್ದಳು. "ಮತ್ತ ಮುದುಕಿ ಎಲ್ಲ್ಯದಾಳ ಆಯಿ?" ಎಂದು ಹನುಮ್ಯಾ ಕೇಳಿದರೆ, "ಇಲ್ಲೇ ನಿಮ್ಮ ನಡುವ ಮಲಗ್ಯಾಳ," ಎಂದು ನಗುತ್ತಿದ್ದಳು. ಹಗುರವಾದ ಗಾಳಿ, ಬಿಸಿಲು ಕುಡಿದ ಮಣ್ಣಿನ ಬೆಚ್ಚಗಿನ ಬೆನ್ನು — ಮಾಳಿಗೆ ಮೆಲ್ಲಗೆ ಊರನ್ನು ಬಿಟ್ಟು ತೇಲಿಹೋಗುತ್ತಿದೆ ಎನಿಸುತ್ತಿತ್ತು. ಇದನ್ನು ನಾನು ಉಬ್ಬಿಸಿ ಹೇಳುತ್ತಿಲ್ಲ.

ಆಗ ನಾನು ಒಂಬತ್ತನೇ ಕ್ಲಾಸಿನಲ್ಲಿದ್ದೆ. ಹೋಳಿಯ ದಿನ ಮಧ್ಯಾಹ್ನ, ಊರೆಲ್ಲ ಉಂಡು ಅಡ್ಡಾಗಿದ್ದ ಹೊತ್ತು. ಬಿಸಿಲು ಓಣಿಯಲ್ಲಿ ನೀರಿನಂತೆ ನಿಂತಿತ್ತು. ಆಯಿ ಮೆಣಸಿನಕಾಯಿ ಹರವಲು ಮೇಲೆ ಹೋಗಿದ್ದಳು. ಗೋಡೆಯಂಚಿನಲ್ಲಿ ಅವಳ ಸೀರೆಯ ಸೆರಗು ಒಮ್ಮೆ ಹಾರಿ ಮರೆಯಾದದ್ದನ್ನು ನಾನು ಕಂಡೆ. ಕಂಡು ನಕ್ಕೆ. ನಿಚ್ಚಣಿಕೆ ಸರಿಸಿದೆ. ಊರಿಗೆ ಊರೇ ಏರಬಹುದಾದಂಥ ಬೃಹತ್ ನಿಚ್ಚಣಿಕೆ ಎಂದು ಆಮೇಲೆ ಎಲ್ಲೆಡೆ ಹೇಳಿದೆನಲ್ಲ, ಅದು ಹಳೆಯ ಬಿದಿರಿನದು. ಒಬ್ಬ ಹುಡುಗ ಸುಮ್ಮನೆ ಎತ್ತಬಹುದಿತ್ತು.

ಓಣಿಯ ತಿರುವಿನಲ್ಲಿ ಹನುಮ್ಯಾ ಸಿಕ್ಕ. ಅವನ ಹೆಗಲಿಗೆ ಅದನ್ನು ದಾಟಿಸಿ ಅಂದೆ:

"ಹಿಡಿಲೇ. ಒಯ್ಯಿರಿ ಅಂತ ಆಯಿನ ಅಂದಾಳ."

"ಖರೇನ? ಮತ್ತ ಆಯಿ ಮಾಳಿಗಿ ಹ್ಯಾಂಗ ಹತ್ತತಾಳ?"

"ಹೊಸಾದು ಬರತೈತಂತ. ನಡಿ ನಡಿ."

ಅವನು ನಂಬಿದ. ನನ್ನ ಎಲ್ಲ ಕಥೆಗಳನ್ನೂ ಮೊದಲು ನಂಬುತ್ತಿದ್ದವನು ಅವನೇ.

ಸ್ವಲ್ಪ ಹೊತ್ತು ಆಯಿಯನ್ನು ಕಾಡಿಸಿ ತಿರುಗಿ ತಂದು ಇಡಬೇಕೆಂದಿದ್ದೆ. ಇದನ್ನು ನೆವವಾಗಿ ಹೇಳುತ್ತಿಲ್ಲ, ಯಾಕೆಂದರೆ ಇಡಲಿಲ್ಲ. ನಾನು ಹೋಗಿ ನೋಡುವಷ್ಟರಲ್ಲಿ ನಿಚ್ಚಣಿಕೆಯ ಮೇಲೆ ಕುಳ್ಳು, ಕುಳ್ಳಿನ ಮೇಲೆ ಮುರಿದ ನೊಗ, ತೊಗರಿಕಟ್ಟಿಗೆಯ ಹೊರೆಗಳು. ಎಳೆಯಬೇಕೆಂದರೆ ಕಾರಣ ಹೇಳಬೇಕು. ಕಾರಣ ಹೇಳಿದರೆ — ಎಲ್ಲರೂ ನಗುವುದು ನನ್ನ ಜೊತೆ ಅಲ್ಲ, ನನ್ನ ಮೇಲೆ. ಅಷ್ಟಕ್ಕೇ ಹೆದರಿದೆ. ಅಷ್ಟಕ್ಕೇ.

ಸಂಜೆಗೆ ಆಯಿ ಕೂಗತೊಡಗಿದಳು. ಓಣಿ ಅದಾಗಲೇ ಹೊಯ್ಕೊಳ್ಳುತ್ತಿತ್ತು. ಹಲಗೆ ಬಾರಿಸುತ್ತಿದ್ದವನು ಹನುಮ್ಯಾ — ಅವನು ಕೈಯಿಟ್ಟರೆ ಕುಂಟರ ಕಾಲೂ ತಾಳ ಹಿಡಿಯಬೇಕು. ಆ ಸದ್ದಿನ ಸಂದಿನಲ್ಲಿ ಆಯಿಯ ದನಿ ತೇಲಿ ಬಂತು. ಹೋಳಿಯ ಹಿರಿತನ ವಹಿಸಿದ್ದ ಬಸಣ್ಣ ಕಾಕಾನೇ ಮೊದಲು ನಕ್ಕ.

"ಕೇಳ್ರೆಪಾ, ನೀಲವ್ವಗ ಈ ವಯಸ್ಸಿನ್ಯಾಗ ಹೋಳಿ ಏರೈತಿ! ಮಾಳಿಗಿ ಮ್ಯಾಲ ನಿಂತು ಹೊಯ್ಕೊಳ್ಳಾಕತ್ತಾಳ!"

ಓಣಿಯೇ ಅವಳಿಗೆ ಉತ್ತರವಾಗಿ ಬಾಯಿ ಬಡಿದುಕೊಂಡಿತು. ನಾನೂ ಬಡಿದುಕೊಂಡೆ.

ಚಂದ್ರ ಎದ್ದ. ಬೆಂಕಿ ಹಚ್ಚಿದರು. ಹೊಗೆ ಮೇಲೇರಿ ಬೆಳದಿಂಗಳಲ್ಲಿ ಕರಗಿ, ಮನೆಗಳೆಲ್ಲ ಕೆರೆಯ ತಳದಲ್ಲಿದ್ದಂತೆ ಅಲುಗಾಡಿದವು. ಕಿಡಿಗಳು ಹಾರಿ ಚುಕ್ಕಿಗಳ ಸಾಲಿಗೆ ಸೇರಿದವು, ಯಾವುದು ಕಿಡಿ, ಯಾವುದು ಚುಕ್ಕಿ ತಿಳಿಯಲಿಲ್ಲ. ಓಣಿಯ ಕೊನೆಯಲ್ಲಿ, ಆ ಬೆಳಕಿನ ನಡುವೆ, ಬಿಳಿಯಾಗಿ ಸಣ್ಣಗೆ ಆಯಿ ನಿಂತಿದ್ದಳು. ಒಂದು ಕೈ ಬೀಸುತ್ತಿದ್ದಳು.

"ಆಯಿ ಕೈ ಬೀಸಾಕತ್ತಾಳ ನೋಡ್ರಿ!" ಎಂದಿತು ಒಂದು ಕೂಸು.

ಎಲ್ಲರೂ ತಿರುಗಿ ಕೈ ಬೀಸಿದರು. ಎಂಥ ಚಂದದ ನೋಟವಾಗಿತ್ತು ಅದು! ಈಗಲೂ ಕಣ್ಣು ಮುಚ್ಚಿದರೆ ಮೊದಲು ಚಂದವೇ ಕಾಣುತ್ತದೆ. ಆಮೇಲೆ —

ಕಾಮ ಸುಟ್ಟಮೇಲೆ ಅದರ ಕೆಂಡವನ್ನು ಮನೆಮನೆಗೆ ಒಯ್ದು ಒಲೆ ಹೊತ್ತಿಸುತ್ತಾರೆ. ಒಬ್ಬಳೇ ಇರುವವಳೆಂದು ಬಸಣ್ಣ ಕಾಕಾ ಆಯಿಯ ಪಾಲಿನ ಕೆಂಡವನ್ನು ತಾನೇ ಹೆಂಚಿನ ಚೂರಲ್ಲಿ ಒಯ್ದ. ಅಲ್ಲಿಂದ ಅವನು ಕೂಗಿದ್ದು ಹೋಳಿಯ ಕೂಗಾಗಿರಲಿಲ್ಲ. ಎಲ್ಲರೂ ಓಡಿಹೋಗಿ ಕೆಳಗಿಳಿಸಿಕೊಂಡಾಗ ಆಯಿಗೆ ಮಾತೇ ಬರುತ್ತಿರಲಿಲ್ಲ, ನಾಲಿಗೆ ಒಣಗಿತ್ತು. ನೀರಿನ ಕೊಡ ಕೆಳಗಿತ್ತು, ಅವಳು ಮೇಲಿದ್ದಳು. ಅಂಚಿನಿಂದ ಕಾಲು ಇಳಿಬಿಟ್ಟು, ಹೆದರಿ, ಮತ್ತೆ ಮೇಲಕ್ಕೆಳೆದುಕೊಳ್ಳುವಾಗ ಅವಳ ಬಲಗೈಯ ಮಣಿಕಟ್ಟು ಮುರಿದಿತ್ತು. ಬೀಸಿದ್ದು ಉಳಿದ ಕೈಯನ್ನು.

"ನಿಚ್ಚಣಿಕಿ ಯಾರಲೇ ತಂದಾವ?" ಎಂದು ಕಾಕಾ ಗುಡುಗಿದ. "ಹನುಮ್ಯಾನ ಹೆಗಲ ಮ್ಯಾಲ ನೋಡೀನ್ರಿ," ಎಂದಿತು ಯಾವುದೋ ಬಾಯಿ. ಹನುಮ್ಯಾ ನನ್ನ ಮುಖ ನೋಡಿದ. ನಾನು ಚಂದ್ರನ ಮುಖ ನೋಡಿದೆ.

ಹನುಮ್ಯಾ ಕಾಕಾನ ಕಡೆ ತಿರುಗಿ, "ಹೌದ್ರಿ ಕಾಕಾ, ನಾನ ತಂದೀನಿ," ಎಂದ. ಕಾಕಾ ಅವನ ಕೊರಳಿಂದ ಹಲಗೆ ಕಿತ್ತುಕೊಂಡ. "ಇನ್ನ ಮ್ಯಾಲ ಈ ಓಣ್ಯಾಗ ಹಲಗಿ ಮುಟ್ಟಬ್ಯಾಡ ನೀ."

ತಪ್ಪು ಅಲ್ಲಿಗೇ ನಿಂತಿದ್ದರೂ ಸಣ್ಣದಾಗುತ್ತಿತ್ತೇನೋ. ನಾನು ಅದನ್ನು ಕಥೆ ಮಾಡಿದೆ. ಆಯಿ ಕೈ ಬೀಸಿದ್ದನ್ನು ಅಭಿನಯಿಸಿ ತೋರಿಸಿದೆ. ಹನುಮ್ಯಾನನ್ನು ಪೆದ್ದನನ್ನಾಗಿಸಿ, 'ನಿಚ್ಚಣಿಕಿ ಹನುಮ್ಯಾ' ಎಂದು ಹೆಸರಿಟ್ಟೆ. ಜನ ಹೊಟ್ಟೆ ಹಿಡಿದು ನಕ್ಕರು. ಆ ಹೆಸರು ಅವನಿಗಿಂತ ಮೊದಲು ಎಲ್ಲ ಕಡೆ ಹೋಗಿ ಕೂರುತ್ತಿತ್ತು. ಅವನು ಲಿಂಗಸುಗೂರಿನಲ್ಲಿ ಐಟಿಐ ಸೇರಿ ಹಾಸ್ಟೆಲ್ಲಿನಲ್ಲಿ ಉಳಿದ. ಹೋಳಿಗೆ ಊರಿಗೆ ಬರುವುದಿಲ್ಲ. ಆಯಿಗೆ ಹೊಸ ನಿಚ್ಚಣಿಕೆ ಬಂತು. ಅದರ ಮೇಲೆ ಕುಂಬಳಬಳ್ಳಿ ಹಬ್ಬಿದೆ. ಆಯಿ ಒಳಗೇ ಮಲಗುತ್ತಾಳೆ.

ಈಗ ನಮ್ಮ ಓಣಿಯ ಹೋಳಿ ಬದಲಾಗಿದೆ. ಕರೆಂಟಿನ ವೈರಿನ ಕೆಳಗೆ, ಬಣವೆಯ ಹತ್ತಿರ ಗುಡ್ಡೆ ಹಾಕುವುದಿಲ್ಲ. ಟೈರು ಸುಡುವುದಿಲ್ಲ. ಪಕ್ಕದಲ್ಲಿ ನೀರಿನ ಡ್ರಮ್ಮು, ಮರಳು. ಕೇಳದೆ ಕಡ್ಡಿಯನ್ನೂ ತರುವಂತಿಲ್ಲ. ಬೇಡವೆಂದವರ ಮೇಲೆ ಬಣ್ಣ ಹಾಕುವಂತಿಲ್ಲ. ಬೆಂಕಿ ಹಚ್ಚುವ ಮೊದಲು ಒಬ್ಬರೇ ಇರುವ ಹಿರಿಯರ ಮನೆಗೆ ಹೋಗಿ ಅವರ ಮುಖ ನೋಡಿಯೇ ಬರಬೇಕು. ಈ ಕೊನೆಯದನ್ನು ಸೂಚಿಸಿದವನು ನಾನು. "ಶರಣ್ಯಾನ ತಲಿ ನೋಡ್ರಿ ಎಷ್ಟು ಚುರುಕು! ಈ ಸಲ ಹುಡುಗರ ಜವಾಬ್ದಾರಿ ಇವಂದ," ಎಂದು ಕಾಕಾ ನನ್ನ ಬೆನ್ನು ತಟ್ಟಿದ. ತಟ್ಟಿದ ಜಾಗ ಈಗಲೂ ಉರಿಯುತ್ತದೆ.

ಮೊನ್ನೆ ಲಿಂಗಸುಗೂರಿಗೆ ಹೋಗಿದ್ದೆ. ಬಸ್‌ಸ್ಟ್ಯಾಂಡಿನ ಚಹಾದಂಗಡಿಯಲ್ಲಿ ಹನುಮ್ಯಾನ ಎದುರು ಕೂತು, ಓಣಿಯವರ ಮುಂದೆ ಎಲ್ಲ ಹೇಳುತ್ತೇನೆ ಎಂದೆ. ಅವನು ಮೇಜಿನ ಮೇಲೆ ಬೆರಳಿನಿಂದ ಮೆಲ್ಲಗೆ ತಾಳ ಹಾಕುತ್ತಿದ್ದ. ನಿಲ್ಲಿಸಿದ.

"ಆಯಿ ಮ್ಯಾಲಿದ್ದದ್ದು ನಿನಗ ಗೊತ್ತಿತ್ತೇನಲೇ?"

"ಹೂಂ."

ಅಷ್ಟು ದಿನ ಅವನಿಗೂ ಅದು ಗೊತ್ತಿರಲಿಲ್ಲ. ಚಹಾದ ಲೋಟವನ್ನು ಪಕ್ಕಕ್ಕೆ ಸರಿಸಿದ. ಎದ್ದು ಹೋಗುವಾಗ ಒಂದೇ ಮಾತು ಹೇಳಿದ:

"ಹೇಳು. ಆದ್ರ ನಗಿಸ್ಕೋಂತ ಹೇಳಬ್ಯಾಡ."

ಹಬ್ಬಕ್ಕೆ ಬಾ ಎಂದು ಕರೆಯುವ ಧೈರ್ಯ ನನಗೆ ಬರಲಿಲ್ಲ.

ನಾಳೆ ಹುಣ್ಣಿಮೆ. ಬೆಳಿಗ್ಗೆ ಆಯಿಯ ಮನೆಗೆ ಹೋಗಿ ಅವಳಿಗೆ ಹೇಳುತ್ತೇನೆ. ಸಂಜೆ, ಬೆಂಕಿ ಹಚ್ಚುವ ಮೊದಲು, ಓಣಿಗೆ ಹೇಳುತ್ತೇನೆ. ಆಯಿ ಏನನ್ನುತ್ತಾಳೋ, ಕಾಕಾ ಏನು ಮಾಡುತ್ತಾನೋ — ಅದನ್ನು ಮುಂಚೆಯೇ ಊಹಿಸಿ ಬಣ್ಣ ಹಚ್ಚುವುದಿಲ್ಲ. ಹೇಳಬೇಕಾದದ್ದನ್ನು ಬರೆದಿಟ್ಟಿದ್ದೇನೆ:

'ನಿಚ್ಚಣಿಕಿ ಕದ್ದವ ನಾನು. ಆಯಿ ಮ್ಯಾಲಿದ್ಲು. ನನಗ ಗೊತ್ತಿತ್ತು. ಹನುಮ್ಯಾಗ ಗೊತ್ತಿರಲಿಲ್ಲ.'

ಕನ್ನಡಿಯ ಮುಂದೆ ನಿಂತು, ಕೈ ಆಡಿಸದೆ, ಹುಬ್ಬು ಏರಿಸದೆ ಓದಿ ನೋಡಿದೆ. ನಗುವ ಜಾಗ ಎಲ್ಲೂ ಇಲ್ಲ.